ಹೋಗುವ ನೀರಿನ ಲೆಕ್ಕ

ಮಲೆನಾಡಿನ ಹಳೆಯ ಮನೆಗಳ ಅಟ್ಟದ ಮೇಲೆ ಕೆಂಪುಬಟ್ಟೆಯ ಗಂಟುಗಳಲ್ಲಿ ಉಳಿದುಬಂದಿರುವ ಕಾಗದಪತ್ರಗಳೊಳಗೆ ಕ್ರಯಪತ್ರಗಳಿಗೂ ಗೇಣಿಚೀಟಿಗಳಿಗೂ ಸಲ್ಲುವ ಮರ್ಯಾದೆ ವರ್ಷ ಕಳೆದ ಪಂಚಾಂಗಕ್ಕೆ ಸಲ್ಲುವುದಿಲ್ಲ. ತಿಥಿ ವಾರ ನಕ್ಷತ್ರಗಳು ಮುಗಿದುಹೋದ ಮೇಲೆ ಅದರಿಂದ ಆಗಬೇಕಾದುದೇನು ಎಂದು ಜನ ಕೇಳುವುದು ಸಹಜವೇ ಆಗಿದೆ. ಆದರೆ ಹೊಸನಗರ ಸೀಮೆಯಲ್ಲಿ, ನಗರವೆಂಬ ಊರಿನಿಂದ ಆಚೆಗೆ, ಘಟ್ಟದ ಅಂಚಿಗೆ ತಾಗಿಕೊಂಡಿದ್ದ ಊರೊಂದರಲ್ಲಿ ವಾಸವಾಗಿದ್ದ ನನ್ನ ಸೋದರಮಾವನವರು ಹಳೆಯ ಪಂಚಾಂಗವೊಂದನ್ನೂ ಎಸೆಯುತ್ತಿರಲಿಲ್ಲ. ಏಕೆಂದರೆ ಅದರ ಅಂಚಿನ ಬಿಳಿಯ ಜಾಗದಲ್ಲಿ ಅವರು ಮೊಂಡು ಪೆನ್ಸಿಲಿನಿಂದ ಬರೆಯುತ್ತಿದ್ದ ಒಂದೆರಡು ಪದಗಳ ಟಿಪ್ಪಣಿಗಳು ಮುದ್ರಿತವಾದ ಭಾಗಕ್ಕಿಂತ ಅವರಿಗೆ ಹೆಚ್ಚು ಬೆಲೆಯುಳ್ಳವಾಗಿದ್ದುವು. ‘ಹೊಳೆ ಬಂತು’, ‘ಸಂಕ ಹೋಯಿತು’, ‘ಅಗೆ ಹಾಕಿದ್ದು’, ‘ಮೀನು ಹತ್ತಿತು’, ‘ಹೊಳವು’, ‘ಅಬ್ಬಿ ನಿಂತಿತು’: ಇಷ್ಟೇ ಅವರ ಸಾಹಿತ್ಯ. 1950ರ ದಶಕದ ಬೇಸಗೆಯ ರಜೆಗಳಲ್ಲಿ ಆ ಮನೆಗೆ ಹೋಗುತ್ತಿದ್ದ ಹುಡುಗನಾದ ನನಗೆ, ಪ್ರಕೃತಿಯ ದಿನಚರಿಯೆಂಬುದನ್ನು ಬರೆಯಬಹುದು ಎಂದು ಮೊದಲು ತೋರಿಸಿಕೊಟ್ಟ ಗ್ರಂಥ ಅದೇ.

ಮಾವಯ್ಯನವರ ಕಾಲಗಣನೆಯಲ್ಲಿ ಜೂನ್ ಜುಲೈಗಳಿಗೆ ಸ್ಥಾನವಿರಲಿಲ್ಲ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ 13-14 ದಿನಗಳಂತೆ ನಿಲ್ಲುವುದರಿಂದ ವರ್ಷದಲ್ಲಿ ಇಪ್ಪತ್ತೇಳು ಕಾಲಖಂಡಗಳು ದೊರೆಯುತ್ತವಷ್ಟೆ. ಅವುಗಳಲ್ಲಿ ಮಳೆಯ ನಕ್ಷತ್ರಗಳು ಮಾತ್ರ ಅವರ ಬಾಯಲ್ಲಿ ಬಂಧುಗಳ ಹೆಸರಿನಂತೆ ಓಡಾಡುತ್ತಿದ್ದುವು. ಜೂನ್ 7-8ರ ಸುಮಾರಿಗೆ ಮೃಗಶಿರ ಹುಟ್ಟುತ್ತದೆ, 21-22ಕ್ಕೆ ಆರಿದ್ರ, ಜುಲೈ ಮೊದಲ ವಾರದಲ್ಲಿ ಪುನರ್ವಸು, ಮೂರನೆಯ ವಾರದ ಕೊನೆಗೆ ಪುಷ್ಯ, ಆಗಸ್ಟಿನ ಆರಂಭದಲ್ಲಿ ಆಶ್ಲೇಷ, ನಡುವಿನಲ್ಲಿ ಮಘೆ. ಯಾವ ಮಳೆಯಲ್ಲಿ ಬಿತ್ತನೆ, ಯಾವ ಮಳೆಯಲ್ಲಿ ನೆಟ್ಟಿ, ಯಾವ ಮಳೆಗೆ ತೋಟಕ್ಕೆ ಮದ್ದು ಎಂಬುದೆಲ್ಲ ಈ ಲೆಕ್ಕದೊಳಗೇ ಅಡಕವಾಗಿದ್ದಿತು. ನಕ್ಷತ್ರಗಳ ಲೆಕ್ಕವು ಋತುಗಳ ಲೆಕ್ಕದಿಂದ ಎಪ್ಪತ್ತು ವರ್ಷಗಳಿಗೆ ಹೆಚ್ಚುಕಡಮೆ ಒಂದು ದಿನದಂತೆ ಸರಿಯುತ್ತದೆಂದು ಜ್ಯೋತಿಶ್ಶಾಸ್ತ್ರ ಬಲ್ಲವರು ಹೇಳುತ್ತಾರೆ. ಒಬ್ಬ ರೈತನ ಆಯುಷ್ಯದಲ್ಲಿ ಆ ಒಂದು ದಿನದಿಂದ ಯಾವ ಭತ್ತವೂ ಕೆಡಲಾರದು.

ನನ್ನ ಜೀವನದ ಬಹುಭಾಗ ಕಳೆದದ್ದು ತೀರ್ಥಹಳ್ಳಿ, ಹೊಸನಗರ, ಸಾಗರ ಎಂಬ ಮೂರು ತಾಲೂಕುಗಳಲ್ಲಿ. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರವನ್ನು ಹಾದು, ಸಾಗರ ಸೀಮೆಯಲ್ಲಿ ಹಿಗ್ಗಿ, ಜೋಗದಲ್ಲಿ 253 ಮೀಟರು ಕೆಳಕ್ಕೆ ಧುಮುಕಿ ಹೊನ್ನಾವರದಲ್ಲಿ ಕಡಲನ್ನು ಸೇರುವ ಶರಾವತಿಯ ದಾರಿಯೂ ಇದೇ ಆಗಿರುವುದು ಕೇವಲ ಆಕಸ್ಮಿಕ. ಆದರೆ ಅದರಿಂದ ನನ್ನ ದಿನಚರಿಗೆ ಒಂದು ಕ್ರಮ ತಾನಾಗಿಯೇ ಒದಗಿತು. ಈ ಪ್ರದೇಶದ ನೀರಿಗೆ ಒಂದು ವಿಚಿತ್ರವಾದ ಸ್ವಾತಂತ್ರ್ಯವುಂಟು. ಒಂದೇ ತಾಲೂಕಿನ ಒಂದು ಗುಡ್ಡದ ಈಚೆಗೆ ಬಿದ್ದ ಹನಿ ಶರಾವತಿಯೊಡನೆ ಪಡುವಣ ಕಡಲಿಗೂ, ಆಚೆಗೆ ಬಿದ್ದ ಹನಿ ತುಂಗೆಯೊಡನೆ ಕೃಷ್ಣೆಯನ್ನು ಕೂಡಿ ಮೂಡಣ ಕಡಲಿಗೂ ಹೋಗುತ್ತವೆ. ಹುಂಚದ ಕಡೆಯ ಕುಮುದ್ವತಿ, ಸಾಗರದ ಬಳಿಯ ವರದಾಮೂಲದಿಂದ ಹೊರಡುವ ವರದೆ, ಇವೂ ಶರಾವತಿಯ ನೆರೆಯಲ್ಲೇ ಹುಟ್ಟಿ ಅದಕ್ಕೆ ಬೆನ್ನುಹಾಕಿ ಪೂರ್ವಕ್ಕೆ ನಡೆದುಬಿಡುವಂಥವು. ಈ ನಾಡಿನಲ್ಲಿ ನೀರಿನ ವಿಷಯ ಬರೆಯಹೊರಟವನಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು, ತಾನು ಗುಡ್ಡದ ಯಾವ ಪಕ್ಕದಲ್ಲಿ ನಿಂತಿದ್ದೇನೆ ಎಂಬ ತಿಳಿವಳಿಕೆ.

ನನ್ನ ಮೊದಲ ಪುಸ್ತಕ ತೀರ್ಥಹಳ್ಳಿಯದು; ವಿದ್ಯಾರ್ಥಿದೆಸೆಯಲ್ಲಿ ಕೊಂಡ ಒಂದು ಅಗ್ಗದ ನೋಟುಬುಕ್ಕು. ಆ ಊರಿನಲ್ಲಿ ತುಂಗೆಯು ಪೇಟೆಯ ಬುಡದಲ್ಲೇ ಬಂಡೆಗಳ ನಡುವೆ ಹರಿಯುವುದರಿಂದ, ನದಿಯನ್ನು ನೋಡಬೇಕೆಂದು ಯಾರೂ ಪ್ರತ್ಯೇಕವಾಗಿ ಹೋಗಬೇಕಾಗಿರಲಿಲ್ಲ. ಹೊಳೆಯೊಳಗಿನ ರಾಮಮಂಟಪವೇ ಊರಿನವರ ಪಾಲಿಗೆ ಅಳತೆಗೋಲು: ಮಂಟಪದ ಬುಡಕ್ಕೆ ನೀರು ಬಂತೆಂದರೆ ಒಂದು ಮಾತು, ನಡುವಿಗೆ ಬಂತೆಂದರೆ ಇನ್ನೊಂದು ಮಾತು, ಮುಳುಗಿತೆಂದರೆ ಅಂಗಡಿಗಳಲ್ಲಿ ಅಂದಿಗೆ ಬೇರೆ ಮಾತೇ ಇಲ್ಲ. ಇದೇ ನದಿ ಕೆಳಗೆ ಶಿವಮೊಗ್ಗೆಗೆ ಹೋದಾಗ ಅಲ್ಲಿಯವರು ಕೋರ್ಪಲಯ್ಯನ ಛತ್ರದ ಬಳಿಯ ಮಂಟಪವನ್ನು ನೋಡಿ ಪ್ರವಾಹವನ್ನು ಅಳೆಯುತ್ತಾರೆ. ನಾನು ಪುಸ್ತಕದಲ್ಲಿ ಬರೆಯುತ್ತಿದ್ದುದೂ ಇದನ್ನೇ. ಅಡಿ ಅಂಗುಲಗಳಿಲ್ಲದೆ, ಮಂಟಪದ ಕಂಬದ ಯಾವ ಭಾಗಕ್ಕೆ ಕೆಂಪು ನೀರು ಮುಟ್ಟಿದೆ ಎಂಬುದನ್ನು. ಪುಷ್ಯಮಾಸ ಹುಟ್ಟುವ ಹೊತ್ತಿಗೆ, ಎಳ್ಳಮಾವಾಸ್ಯೆಯ ಜಾತ್ರೆಗೆ ಪರಶುರಾಮತೀರ್ಥದಲ್ಲಿ ಮಿಂದು ಹೋಗಲು ಜನ ಸೇರುವಾಗ, ಅದೇ ಹೊಳೆ ತಿಳಿಯಾಗಿ, ಬಂಡೆಗಳನ್ನೆಲ್ಲ ಹೊರಗೆ ಬಿಟ್ಟು, ಮಕ್ಕಳೂ ದಾಟಬಹುದೆನ್ನುವಷ್ಟು ಸೌಮ್ಯವಾಗಿರುತ್ತಿತ್ತು. ಆಷಾಢದ ಪುಟವನ್ನೂ ಪುಷ್ಯದ ಪುಟವನ್ನೂ ಒಟ್ಟಿಗೆ ತೆರೆದು ನೋಡಿದರೆ ಎರಡೂ ಒಂದೇ ನದಿಯ ವಿಷಯವೆಂದು ಹೊರಗಿನವರು ಒಪ್ಪಲಾರರು.

ಆ ವಯಸ್ಸಿನಲ್ಲಿ ಬರೆಯುವ ಹುಡುಗನ ಮೇಲೆ ಕುಪ್ಪಳಿಯ ನೆರಳು ಬೀಳದಿರುವುದು ಸಾಧ್ಯವಿರಲಿಲ್ಲ. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ 1933ರಲ್ಲಿಯೇ ಹೊರಬಂದಿತ್ತು. ನಮ್ಮ ತಾಲೂಕಿನ ಕಾಡು ಮಳೆಗಳು ಪುಸ್ತಕದಲ್ಲಿ ಅಚ್ಚಾಗಬಹುದು ಎಂಬುದೇ ನಮಗೊಂದು ಹೆಮ್ಮೆಯ ಸಂಗತಿಯಾಗಿತ್ತು. ಅದರ ಫಲವಾಗಿ ನನ್ನ ಮೊದಲ ಪುಸ್ತಕದ ತುಂಬ ವಿಶೇಷಣಗಳು ಪ್ರವಾಹದೋಪಾದಿಯಲ್ಲಿ ಹರಿದಿವೆ. ಅವುಗಳಲ್ಲಿ ಇಂದು ಉಪಯೋಗಕ್ಕೆ ಬರುವುದು ಮಂಟಪದ ಕಂಬದ ಲೆಕ್ಕ ಮಾತ್ರ.

ಮಳೆಯ ವಿಷಯವನ್ನು ಸರಿಯಾಗಿ ಬರೆಯಲು ಕಲಿತದ್ದು ಹೊಸನಗರದ ಕಡೆಯಲ್ಲಿ. ಓದು ಮುಗಿದ ಮೇಲೆ ಕೆಲವು ವರ್ಷ ಮಾವಯ್ಯನವರ ತೋಟ ಗದ್ದೆಗಳ ಉಸ್ತುವಾರಿಗೆ ನಾನು ಅಲ್ಲಿಯೇ ನಿಲ್ಲಬೇಕಾಯಿತು. ಘಟ್ಟದ ನೆತ್ತಿಯ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರು ಮೀರಿ ಸುರಿಯುವ ಮಳೆ, ಅಲ್ಲಿಂದ ಒಂದು ದಿನದೊಳಗೆ ಹೋಗಿ ಬರಬಹುದಾದ ಶಿವಮೊಗ್ಗೆಯಲ್ಲಿ ಸಾವಿರವನ್ನು ಮುಟ್ಟುವುದೂ ಕಷ್ಟ. ಹುಲಿಕಲ್, ಮಾಸ್ತಿಕಟ್ಟೆ, ಯಡೂರು, ಮಾಣಿ ಮುಂತಾದ ಹೊಸನಗರದ ಅಂಚಿನ ಊರುಗಳ ಹೆಸರುಗಳು ಈಗ ಮಳೆಗಾಲದ ಪತ್ರಿಕೆಗಳಲ್ಲಿ ನಿತ್ಯವೂ ಅಂಕಿಗಳೊಡನೆ ಕಾಣಿಸಿಕೊಳ್ಳುತ್ತವೆ. ಅಂದು ಆ ಅಂಕಿಗಳನ್ನು ಕೇಳುವವರು ಕಡಮೆ. ಮಳೆಯನ್ನು ಪಾತ್ರೆಯಲ್ಲಿ ಹಿಡಿದು ಅಳೆಯುವ ಯೋಚನೆ ನಮ್ಮ ದೇಶಕ್ಕೆ ಹೊಸದಲ್ಲ. ಕೋಷ್ಠಾಗಾರದ ಮುಂದೆ ಒಂದು ಅರತ್ನಿ ಅಗಲದ ಬಾಯಿಯುಳ್ಳ ಕುಂಡವನ್ನು ಮಳೆಯಳೆಯುವುದಕ್ಕೆಂದು ಇರಿಸಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ. ನಾನು ಇರಿಸಿದ್ದು ಒಂದು ಡಬ್ಬ. ಬಾಯಿಯೂ ಬುಡವೂ ಒಂದೇ ಅಗಲವಾಗಿರುವ ಪಾತ್ರೆ ದೊಡ್ಡದಿರಲಿ ಸಣ್ಣದಿರಲಿ ನಿಲ್ಲುವ ನೀರಿನ ಆಳ ಒಂದೇ ಎಂಬ ಸರಳ ತತ್ತ್ವವನ್ನು ನಂಬಿ, ಅಂಗಳದ ತುದಿಯಲ್ಲಿ, ಅಡಕೆಯ ಮರಗಳ ತೊಟ್ಟಿಕ್ಕುವ ನೀರು ಬೀಳದ ಕಡೆ ಅದನ್ನು ಹೂಳಿ, ಮುಂಜಾನೆ ಎಂಟೂವರೆಗೆ, ಸರ್ಕಾರದ ಮಾಪಕಗಳನ್ನು ನೋಡುವ ಹೊತ್ತಿಗೇ, ಒಂದು ಅಡಿಕೋಲನ್ನು ಇಳಿಬಿಟ್ಟು ನೋಡುತ್ತಿದ್ದೆನು. ಪುಷ್ಯ ಮಳೆಯ ಹುಚ್ಚು ರಾತ್ರಿಗಳಲ್ಲಿ ಡಬ್ಬ ತುಂಬಿ ಚೆಲ್ಲುವ ಮೊದಲೇ ಎದ್ದು, ಕಂಬಳಿಕೊಪ್ಪೆ ಹೊದ್ದು, ಲಾಟೀನು ಹಿಡಿದು ಅಳತೆ ತೆಗೆದು ಖಾಲಿಮಾಡಿ ಬರಬೇಕಾಗುತ್ತಿತ್ತು. ಕಾಲಿಗೆ ಹತ್ತಿದ ಉಂಬಳಗಳ ಲೆಕ್ಕವನ್ನು ಬರೆದಿಟ್ಟಿಲ್ಲ.

ಆದರೆ ಮಿಲಿಮೀಟರಿನ ಅಂಕಿ ಮಳೆಯ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ. ಮಾವಯ್ಯನವರ ಅಂಚಿನ ಟಿಪ್ಪಣಿಯಲ್ಲಿದ್ದ ‘ಹೊಳವು’ ಎಂಬ ಮಾತಿನ ಮಹತ್ತ್ವ ನನಗೆ ಆಗಲೇ ಗೊತ್ತಾದುದು. ಎಡೆಬಿಡದ ಮಳೆಯಲ್ಲಿ ಅಡಕೆಯ ಗೊನೆಗೆ ತಗಲುವ ಕೊಳೆರೋಗ ಮಲೆನಾಡಿನ ಸಂಸಾರಗಳನ್ನು ಮುಳುಗಿಸಿದಷ್ಟು ಯಾವ ಹೊಳೆಯೂ ಮುಳುಗಿಸಿಲ್ಲ. ಹಿಂದಿನವರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆನೀರನ್ನು ತಡೆಯುತ್ತಿದ್ದರು. ಕೆನಡಾ ದೇಶದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಈ ರೋಗದ ಶಿಲೀಂಧ್ರವನ್ನು ಪರಿಶೀಲಿಸಿ 1910ರಲ್ಲಿ ಅದರ ವಿಷಯವಾಗಿ ಬರೆದನು. ಮೈಲುತುತ್ತ ಮತ್ತು ಸುಣ್ಣ ಕೂಡಿದ ಬೋರ್ಡೊ ದ್ರಾವಣವನ್ನು ಸಿಂಪಡಿಸುವ ಪದ್ಧತಿ ಅವನ ಪ್ರಯತ್ನದಿಂದ ನಮ್ಮ ತೋಟಗಳಿಗೆ ಬಂದಿತು. ಮದ್ದೇನೋ ಬಂದಿತು, ಆದರೆ ಅದನ್ನು ಹೊಡೆಯಲು ಗೊನೆ ಒಣಗಿರಬೇಕು, ಮರ ಏರುವ ಕೊನೆಗಾರನ ಕಾಲು ಜಾರದಿರಬೇಕು, ಹೊಡೆದ ಮದ್ದು ಅಂಟಿಕೊಳ್ಳುವಷ್ಟು ಹೊತ್ತು ಆಕಾಶ ಸುಮ್ಮನಿರಬೇಕು. ಆ ಹೊತ್ತೇ ಹೊಳವು. ದಿನದ ಒಟ್ಟು ಮಳೆ ಎಷ್ಟೇ ಇರಲಿ, ನಡುವೆ ಎರಡು ಗಳಿಗೆ ಬಿಸಿಲು ಬಿದ್ದಿತೇ ಇಲ್ಲವೇ ಎಂಬುದರ ಮೇಲೆ ಒಂದು ವರ್ಷದ ಅನ್ನ ನಿಂತಿರುತ್ತಿತ್ತು. ನನ್ನ ಡಬ್ಬಕ್ಕೆ ಮಾತ್ರ ಅದರ ಸುಳಿವೇ ಹತ್ತುತ್ತಿರಲಿಲ್ಲ. ಅಂದಿನಿಂದ ಅಂಕಿಯ ಪಕ್ಕದಲ್ಲಿ ಹೊಳವಿನ ಹೊತ್ತನ್ನೂ ಬರೆಯತೊಡಗಿದೆನು. ಮೊದಲ ನೆರೆಗೆ ಗದ್ದೆಯ ಕೋಡಿಗಳಲ್ಲಿ ಮೀನು ಹತ್ತಿದ ರಾತ್ರಿ, ಮಿಣುಕುಹುಳುಗಳು ಮರವಿಡೀ ಒಟ್ಟಿಗೆ ಮಿನುಗಿದ ಸಂಜೆ, ಕಳಲೆ ಮೂಡಿದ ದಿನ, ಇವೂ ಒಂದೊಂದಾಗಿ ಬಂದು ಸೇರಿದುವು.

ಒಮ್ಮೆ ತೋಟದ ಬಸಿಗಪ್ಪಿನ ಕೆಲಸಕ್ಕೆ ಬಂದಿದ್ದ ಮುದುಕನೊಬ್ಬ ಜಗಲಿಯಲ್ಲಿ ಎಲೆಯಡಕೆ ಹಾಕಿಕೊಳ್ಳುತ್ತ ನನ್ನ ಪುಸ್ತಕವನ್ನು ಬಹಳ ಹೊತ್ತು ನೋಡಿದನು.

“ಏನ್ ಬರೀತೀರಿ ಅಯ್ಯಾ, ದಿನಾ?”

“ಮಳೆ ಎಷ್ಟು ಬಂತು ಅಂತ ಮಾರಾಯ.”

“ಬರೋ ನೀರ್ನ ಎಲ್ಲರೂ ನೋಡ್ತಾರೆ. ಹೋಗೋ ನೀರ್ನ ಯಾರು ಬರೀತಾರೆ?”

ಇದನ್ನು ವಿನೋದಕ್ಕೆ ಹೇಳಿದನೋ, ತತ್ತ್ವವೆಂದು ಹೇಳಿದನೋ ಅರಿಯೆ. ಸುಣ್ಣ ಕೇಳಿ ಪಡೆದು ಎದ್ದುಹೋದನು. ಆದರೆ ನನ್ನ ದಿನಚರಿಯ ಮುಖ ತಿರುಗಿದ್ದು ಅಲ್ಲಿಂದ. ಮಳೆಗಾಲದ ಪುಟಗಳು ಒತ್ತೊತ್ತಾಗಿಯೂ ಮಾಘದಿಂದ ವೈಶಾಖದವರೆಗಿನ ಪುಟಗಳು ಬರಿದಾಗಿಯೂ ಇದ್ದುವು. ನೀರಿನ ವಿಷಯದಲ್ಲಿ ಮನುಷ್ಯನಿಗೆ ನಿಜವಾಗಿ ತಿಳಿಯಬೇಕಾದುದೆಲ್ಲ ಆ ಬರಿಯ ಪುಟಗಳ ಕಾಲದಲ್ಲಿಯೇ ನಡೆಯುತ್ತದೆ. ಮನೆಯ ಹಿಂದಿನ ಗುಡ್ಡದ ಒರತೆಯಿಂದ ಅಡಕೆಯ ದಬ್ಬೆಗಳನ್ನು ಜೋಡಿಸಿ ತಂದ ಅಬ್ಬಿ ಹಿತ್ತಿಲ ಕಲ್ಲುಬಾನಿಗೆ ಹಗಲಿರುಳೂ ಬೀಳುತ್ತಿತ್ತು. ಕಾರ್ತಿಕದಲ್ಲಿ ತೋಳಿನಷ್ಟು ದಪ್ಪ ಬೀಳುವ ಧಾರೆ ಫಾಲ್ಗುನಕ್ಕೆ ಬೆರಳಿನಷ್ಟಾಗುತ್ತದೆ. ಒಂದು ಕೊಡ ತುಂಬಲು ಹಿಡಿಯುವ ಹೊತ್ತನ್ನು ಅಳೆದರೆ ಅದೇ ಸಾಕಾದ ಮಾಪಕ. ಅಬ್ಬಿ ಯಾವ ದಿನ ಹನಿಯಾಯಿತು, ಯಾವ ದಿನ ನಿಂತಿತು, ಹಳ್ಳದ ಹರಿವು ಕಡಿದು ಗುಂಡಿಗಳಷ್ಟೇ ಉಳಿದದ್ದು ಎಂದು, ಬಾವಿಯ ಯಾವ ಮೆಟ್ಟಿಲು ಹೊರಬಿತ್ತು, ಇವನ್ನು ಬರೆಯತೊಡಗಿದ ಮೇಲೆ ಪುಸ್ತಕಕ್ಕೊಂದು ಬೆನ್ನೆಲುಬು ಬಂದಂತಾಯಿತು. ಮಾವಯ್ಯನವರಿಗೆ ಇದು ಮೊದಲೇ ಗೊತ್ತಿದ್ದಿತು. ಅವರ ಪಂಚಾಂಗಗಳಲ್ಲಿ ‘ಅಬ್ಬಿ ನಿಂತಿತು’ ಎಂಬ ಎರಡು ಪದಗಳ ಕೆಳಗೆ ಮಾತ್ರ ಗೆರೆ ಎಳೆದಿರುತ್ತಿದ್ದುದನ್ನು ನಾನು ಗಮನಿಸಿದ್ದು ಆ ಬೇಸಗೆಯಲ್ಲಿ.

ಅನಂತರ ಉದ್ಯೋಗದ ನಿಮಿತ್ತ ಸಾಗರಕ್ಕೆ ಬಂದೆನು. ಅಲ್ಲಿಯ ನೀರು ಬೇರೊಂದು ಧರ್ಮದ ನೀರು. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟಿನ ಬಲದಿಂದ 1948ರಲ್ಲಿ ಜೋಗದ ಬುಡದ ವಿದ್ಯುದಾಗಾರ ನಡೆಯತೊಡಗಿದ್ದಿತು. 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಎದ್ದು ನಿಂತಾಗ ಆ ಹಳೆಯ ಅಣೆಕಟ್ಟೇ ಹೊಸದರ ಹಿನ್ನೀರಿನಲ್ಲಿ ಮುಳುಗಿತು. ಅದರೊಡನೆ ಮುಳುಗಿದ ಹಳ್ಳಿಗಳ, ತೋಟಗಳ, ದೇವಸ್ಥಾನಗಳ ಕಥೆಯನ್ನು ಸಾಗರದವರೇ ಆದ ನಾ. ಡಿಸೋಜ ಅವರು ಬರೆದಿದ್ದಾರೆ. ಲೋಕೋಪಯೋಗಿ ಇಲಾಖೆಯಲ್ಲಿ ನೌಕರರಾಗಿದ್ದು, ಕಟ್ಟುವವರ ಪಕ್ಕದಲ್ಲಿ ಕುಳಿತು ಮುಳುಗುವವರ ದುಃಖವನ್ನು ಕಂಡ ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ಚಲನಚಿತ್ರವಾಗಿಸಿದರು. ಡಿಸೋಜರು ಬರೆದ ಮೇಲೆ ಆ ವಿಷಯದಲ್ಲಿ ನನ್ನಂಥವನು ಹೇಳುವುದು ಹೆಚ್ಚೇನೂ ಉಳಿದಿಲ್ಲ. ನಾನು ಬರೆದುದು ನೀರಿನ ಮಟ್ಟವನ್ನು.

ಲಿಂಗನಮಕ್ಕಿಯ ಪೂರ್ಣಮಟ್ಟ 1819 ಅಡಿ. ಸಾಗರದಲ್ಲಿ ಈ ಸಂಖ್ಯೆ ತಿಳಿಯದ ಮಕ್ಕಳಿಲ್ಲ. ನಿತ್ಯವೂ ಪತ್ರಿಕೆಯಲ್ಲಿ ಬರುವ ಮಟ್ಟವನ್ನು ಬರೆದುಕೊಳ್ಳುತ್ತ ಹೋದಂತೆ ನನಗೆ ತಿಳಿದುಬಂದ ಸಂಗತಿಯೊಂದಿದೆ: ತುಂಗೆಯ ಮಂಟಪದಲ್ಲಿ ನೀರು ಇಳಿಯುತ್ತಿದ್ದುದು ಮಳೆ ನಿಂತುದರಿಂದ, ಇಲ್ಲಿ ನೀರು ಇಳಿಯುವುದು ಎಲ್ಲಿಯೋ ದೂರದ ಪಟ್ಟಣದಲ್ಲಿ ದೀಪ ಹೊತ್ತಿಕೊಳ್ಳಬೇಕಾಗಿರುವುದರಿಂದ. ಆದುದರಿಂದ ಜಲಾಶಯದ ಅಂಕಿಯನ್ನು ಪ್ರಕೃತಿಯ ದಿನಚರಿಯಲ್ಲಿ ಸೇರಿಸಬೇಕೋ ಲೆಕ್ಕಪತ್ರದಲ್ಲಿ ಸೇರಿಸಬೇಕೋ ಎಂಬ ಸಂಶಯ ನನ್ನನ್ನು ಬಹಳ ಕಾಲ ಕಾಡಿತು. ಕೊನೆಗೆ ಎರಡೂ ಹೌದೆಂದು ತೀರ್ಮಾನಿಸಿದೆನು. ಬೇಸಗೆಯ ಕೊನೆಗೆ ಹಿನ್ನೀರು ಸರಿದಾಗ ಮಡೆನೂರಿನ ಹಳೆಯ ಅಣೆಕಟ್ಟು ಮೈದೋರುತ್ತದೆ, ಕಪ್ಪಾದ ಮರದ ಬೊಡ್ಡೆಗಳೂ ಹಳೆಯ ರಸ್ತೆಯ ಗುರುತುಗಳೂ ಕಾಣಿಸುತ್ತವೆ. ನೋಡಲು ಬರುವವರು ಬಂದು ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಆ ತೆರೆದ ನೆಲದಲ್ಲಿ ನಾಲ್ಕು ವಾರದೊಳಗೆ ಹುಲ್ಲು ಹುಟ್ಟುತ್ತದೆ, ದನ ಮೇಯಲು ಬರುತ್ತವೆ, ಬೆಳ್ಳಕ್ಕಿಗಳು ದನದ ಹಿಂದೆ ಬರುತ್ತವೆ. ಹೊಳೆಬಾಗಿಲಿನ ಲಾಂಚಿನಲ್ಲಿ ಸಿಗಂದೂರಿನ ಕಡೆಗೆ ದಾಟುವಾಗ ನೀರಿನ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಕುಳಿತಿರುತ್ತಿದ್ದ ಒಣಮರಗಳನ್ನು ಎಣಿಸುವುದು ನನಗೊಂದು ಅಭ್ಯಾಸವಾಗಿತ್ತು. 2025ರ ಜುಲೈ 14ರಂದು ಅಲ್ಲಿ ಸೇತುವೆ ತೆರೆದಿದೆ. ಹಿನ್ನೀರಿನಿಂದಾಗಿ ದ್ವೀಪದಂತಾಗಿ ಅರುವತ್ತು ವರ್ಷ ದಾರಿ ಕಾದ ಆಚೆ ದಡದ ಜನರಿಗೆ ಅದು ಎಂದೋ ಸಲ್ಲಬೇಕಾಗಿದ್ದ ಹಕ್ಕು.

ಪಾಶ್ಚಾತ್ಯರಲ್ಲಿ ಇಂಥ ದಿನಚರಿಯ ಬರವಣಿಗೆಗೆ ದೊಡ್ಡ ಪರಂಪರೆಯೇ ಇದೆ. ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟನ ಪುಸ್ತಕ 1789ರದು. ಅಮೆರಿಕದ ಥೋರೋ 1846ರಲ್ಲಿ ವಾಲ್ಡನ್ ಕೊಳ ಹೆಪ್ಪುಗಟ್ಟಿದ್ದಾಗ ಅದರ ಆಳವನ್ನು ಅಳೆದು 102 ಅಡಿಯೆಂದು ಬರೆದನು. ಮುಂದೆ ಅವನು ಬರೆದಿಟ್ಟ ಹೂವರಳಿದ ದಿನಗಳ ಟಿಪ್ಪಣಿಗಳನ್ನು ನೂರೈವತ್ತು ವರ್ಷಗಳ ಅನಂತರ ವಿಜ್ಞಾನಿಗಳು ಹೊರತೆಗೆದು, ಅವನ ಊರಿನಲ್ಲಿ ಹೂಗಳು ಈಗ ಮುಂಚಿತವಾಗಿ ಅರಳುತ್ತಿವೆಯೆಂದು ತೋರಿಸಿಕೊಟ್ಟರು. ಥೋರೋವಿನ ದರ್ಶನವನ್ನು ಕುರಿತು ವಿದ್ವಾಂಸರು ಎಷ್ಟೋ ಬರೆದಿದ್ದಾರೆ. ನನಗೆ ಅವನ ತಾರೀಖುಗಳ ಮೇಲೆಯೇ ಹೆಚ್ಚು ಗೌರವ.

ನಮ್ಮ ತಾರೀಖುಗಳು ಏನು ಹೇಳುತ್ತವೆ? ನನ್ನ ಪುಸ್ತಕಗಳನ್ನು ಮಾವಯ್ಯನವರ ಪಂಚಾಂಗಗಳ ಪಕ್ಕದಲ್ಲಿರಿಸಿ ನೋಡಿದಾಗ, ಮಳೆ ಬರುವ ದಿನಗಳಲ್ಲಿ ಹಿಂದುಮುಂದಾಗುವುದು ಅಂದಿಗೂ ಇಂದಿಗೂ ಸಮಾನವಾಗಿಯೇ ಕಂಡಿತು. ಕೊಡೆ ಬಿಚ್ಚುವ ದಿನವನ್ನು ಕುರಿತು ವೃದ್ಧರು ಹೇಳುವ ‘ನಮ್ಮ ಕಾಲದ ಮಳೆ’ಯ ಮಾತನ್ನು ನಾನು ಪೂರ್ತಿಯಾಗಿ ನಂಬಲಾರೆ. ವ್ಯತ್ಯಾಸ ಕಂಡದ್ದು ನೀರು ನಿಲ್ಲುವ ದಿನದಲ್ಲಿ, ಅದೂ ಎಲ್ಲ ಹಳ್ಳಗಳಲ್ಲಿ ಅಲ್ಲ. ಮೇಲೆ ಹಳೆಯ ಕಾಡು ಉಳಿದಿರುವ ಹಳ್ಳ ವೈಶಾಖದಲ್ಲಿಯೂ ತೆಳುವಾಗಿ ಹರಿಯುತ್ತಲೇ ಇದೆ. ಬೇಣವೂ ಸೊಪ್ಪಿನಬೆಟ್ಟವೂ ಬೋಳಾಗಿ, ಇಲ್ಲವೇ ಗುಡ್ಡವಿಡೀ ಅಕೇಶಿಯಾ ಎದ್ದು ನಿಂತಿರುವ ಕಡೆ, ಹಳ್ಳ ಮಾಘದಲ್ಲಿಯೇ ಮೌನವಾಗಿದೆ. ಒಬ್ಬನ ಪುಸ್ತಕದಿಂದ ಇಷ್ಟು ದೊಡ್ಡ ಮಾತನ್ನು ಹೇಳುವುದು ಉದ್ಧಟತನವೆಂದು ನಾನು ಸುಮ್ಮನಿದ್ದೆನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಅವರ ಸಂಗಡಿಗರು ಶರಾವತಿಯ ಕಣಿವೆಯಲ್ಲಿ ಬಹುಕಾಲ ಅಧ್ಯಯನ ಮಾಡಿ, ನೆಲದ ಸ್ವಂತ ಕಾಡು ಬಹುಪಾಲು ಉಳಿದಿರುವ ಕಡೆಯ ತೊರೆಗಳು ವರ್ಷವಿಡೀ ಹರಿಯುತ್ತವೆಂದೂ ಒಂದೇ ಜಾತಿಯ ನೆಡುತೋಪುಗಳಿರುವ ಕಡೆಯವು ಮಳೆಗಾಲದ ಆಚೆಗೆ ಹೆಚ್ಚು ದಿನ ಬಾಳುವುದಿಲ್ಲವೆಂದೂ ಬರೆದುದನ್ನು ಕಂಡ ಮೇಲೆ ನನ್ನ ಸಂಕೋಚ ಹೋಯಿತು. ಹೊಳೆಯಾಚೆ ಸಿದ್ದಾಪುರ ಸೀಮೆಯ ಕತ್ತಲೆಕಾನಿನಿಂದ 2014ರಲ್ಲಿ ಸಂಶೋಧಕರು ಒಂದು ಕಪ್ಪೆಯನ್ನು ವಿಜ್ಞಾನಕ್ಕೆ ಪರಿಚಯಿಸಿ ಅದಕ್ಕೆ ಕುಂಬಾರನ ಹೆಸರಿಟ್ಟರು; ತೊರೆಯ ಮೇಲಣ ಕಡ್ಡಿಗೆ ಅಂಟಿದ ಮೊಟ್ಟೆಗಳಿಗೆ ಗಂಡು ಕಪ್ಪೆ ಮುಂಗಾಲುಗಳಿಂದ ಕೆಸರು ಮೆತ್ತುತ್ತದೆ. ಅಂಥ ಜೀವಕ್ಕೆ ಬೇಕಾದುದು ಪುಷ್ಯ ಮಳೆಯ ಅಬ್ಬರವಲ್ಲ, ನಿಲ್ಲದೆ ತೇವವಾಗಿರುವ ಕಾನು.

ಶರಾವತಿಯ ಈ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು 2019ರಲ್ಲಿ ಎದ್ದಾಗ ನಮ್ಮ ಜಿಲ್ಲೆ ಒಟ್ಟಾಗಿ ಪ್ರತಿಭಟಿಸಿತು. ಶರಾವತಿಯಲ್ಲಿ ನೀರು ಎಷ್ಟಿದೆ ಎಂಬ ವಾದ ಅಂದು ಎರಡೂ ಕಡೆಯಿಂದ ಜಲಾಶಯದ ಅಂಕಿಗಳನ್ನು ಹಿಡಿದೇ ನಡೆಯಿತು. ಆ ಅಂಕಿಗಳು ಸುಳ್ಳಲ್ಲ. ಆದರೆ ಜಲಾಶಯಕ್ಕೆ ನೀರು ಕೊಡುವ ನೂರಾರು ಹಳ್ಳಗಳು ಯಾವ ತಿಂಗಳಲ್ಲಿ ಬತ್ತುತ್ತವೆ ಎಂಬ ಲೆಕ್ಕವನ್ನು ಎರಡು ಕಡೆಯವರೂ ಮುಂದಿಡಲಿಲ್ಲ. ನಮ್ಮ ಕಡೆಯಿಂದ ಇಡಬೇಕಾದವರು ಆ ಹಳ್ಳಗಳ ಪಕ್ಕದಲ್ಲಿ ಮನೆ ಮಾಡಿಕೊಂಡಿರುವ ನಾವೇ ಆಗಿದ್ದೆವು.

ಬೀಳುವ ಮಳೆಯನ್ನು ಈಗ ಯಂತ್ರಗಳು ಬರೆಯುತ್ತವೆ. ಗ್ರಾಮ ಪಂಚಾಯಿತಿಗೊಂದರಂತೆ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದವರು ನೆಟ್ಟಿರುವ ಸ್ವಯಂಚಾಲಿತ ಮಾಪಕಗಳು 15 ನಿಮಿಷಕ್ಕೊಮ್ಮೆ ಅಂಕಿಯನ್ನು ಬೆಂಗಳೂರಿಗೆ ಕಳಿಸುತ್ತವೆ. ನನ್ನ ಡಬ್ಬಕ್ಕೆ ಇನ್ನು ಕೆಲಸವಿಲ್ಲ. ಆದರೆ ನಿಮ್ಮ ಹಿತ್ತಿಲಿನ ಹಳ್ಳ ನಿಂತ ದಿನವನ್ನು ಬರೆಯುವ ಯಂತ್ರವನ್ನು ಯಾರೂ ನೆಟ್ಟಿಲ್ಲ. ಮೂರು ತಾಲೂಕುಗಳ ಓದುಗರಲ್ಲಿ ನನ್ನ ವಿನಂತಿ ಇಷ್ಟೇ: ಬರುವ ಬೇಸಗೆಯಲ್ಲಿ ಆ ದಿನವನ್ನೂ, ಹಳ್ಳದ ತಲೆಯ ಮೇಲಣ ಗುಡ್ಡದಲ್ಲಿ ನಿಂತಿರುವ ಮರಗಳು ಯಾವುವೆಂಬುದನ್ನೂ ಒಂದು ಸಾಲಿನಲ್ಲಾದರೂ ಬರೆದಿಡಿ, ಮರುವರ್ಷವೂ ಬರೆಯಿರಿ.